ಆಡಿಷನ್‌ಗೆ ತುಘಲಕ್ ಬೇಡ

ಮೇ, ಜೂನ್ ಬಂತೆಂದರೆ ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಹುಡುಗ ಹುಡುಗಿಯರ ಫೋನ್ ಶುರು. ಕೆಲವರು ರಂಗಶಾಲೆಗೆ ಅರ್ಜಿ ಹಾಕಿರುತ್ತಾರೆ, ಕೆಲವರಿಗೆ ಬೆಂಗಳೂರಿನಲ್ಲಿ ಧಾರಾವಾಹಿಯ ಆಡಿಷನ್. ಕೇಳುವುದು ಒಂದೇ: "ಸರ್, ಯಾವ ಡೈಲಾಗ್ ಮಾಡ್ಲಿ?" ಅಷ್ಟು ಹೊತ್ತಿಗೆ ಸುಮಾರು ಜನ 'ತುಘಲಕ್' ಬಾಯಿಪಾಠ ಮಾಡಿ ಮುಗಿಸಿರುತ್ತಾರೆ.

ನಾಟಕದ ಮೇಲೆ ನನಗೇನೂ ಸಿಟ್ಟಿಲ್ಲ. ಅದು ಚಿಕ್ಕ ವಯಸ್ಸಿನವರಿಗೆ ದಕ್ಕುವುದಿಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. 1964ರಲ್ಲಿ ಅದು ಹೊರಬಂದಾಗ ಕಾರ್ನಾಡರಿಗೇ ಇಪ್ಪತ್ತಾರರ ಆಸುಪಾಸು. ತೊಂದರೆ ಏನೆಂದರೆ, ಎದುರು ಕೂತವರು ಆ ಮಾತುಗಳನ್ನು ಕೇಳಿ ಕೇಳಿ ಸಾಕಾಗಿರುತ್ತಾರೆ. ಅವರಲ್ಲಿ ಹಿರಿಯರ ಕಿವಿಯಲ್ಲಿ ತುಘಲಕ್ ಪಾತ್ರ ಮಾಡಿದ ಸಿ.ಆರ್. ಸಿಂಹ ಅವರ ದನಿ ಇನ್ನೂ ಕೂತಿದೆ. ಹೋಲಿಕೆ ಶುರುವಾಯಿತೋ, ನಿಮ್ಮ ಕಥೆ ಮುಗಿಯಿತು. ಸಿನಿಮಾ ಡೈಲಾಗ್ ಇನ್ನೂ ಕಷ್ಟ. ಅಲ್ಲಿ ನೀವು ಮಾತು ಒಂದನ್ನೇ ತರುವುದಿಲ್ಲ, ಆ ಹೀರೋನ ಕತ್ತು, ಹುಬ್ಬು, ಉಸಿರು ಎಲ್ಲವೂ ಜೊತೆಗೆ ಬರುತ್ತವೆ.

ಆಯ್ಕೆ ಮಾಡುವಾಗ ನಾನು ನೋಡುವುದು ಮುಖ್ಯವಾಗಿ ಒಂದು ವಿಷಯ. ಈ ಮಾತನ್ನು ಯಾರಿಗೆ ಹೇಳುತ್ತಿದ್ದೀರಿ, ಅವರಿಂದ ನಿಮಗೆ ಏನು ಬೇಕು? ಇದಕ್ಕೆ ಉತ್ತರ ಇಲ್ಲದ ಮಾತು ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ. "ನನ್ನ ಬಾಳು ಹೀಗಾಯಿತು" ಅಂತ ಗೋಳು ಹೇಳಿಕೊಳ್ಳುವ ಮಾತುಗಳಲ್ಲಿ ಹೆಚ್ಚಾಗಿ ಇದೇ ಕೊರತೆ. ಅಳುವುದಕ್ಕೆ ಬರುತ್ತದೆ ಅಂತ ಅವನ್ನೇ ಆರಿಸುತ್ತಾರೆ. ಮೊದಲ ಸಾಲಿಗೇ ಅಳು, ಕೊನೆಯ ಸಾಲಿಗೂ ಅದೇ ಅಳು. ನೋಡುವವರಿಗೆ ಅರ್ಧ ನಿಮಿಷಕ್ಕೇ ಎಲ್ಲ ಗೊತ್ತಾಗಿರುತ್ತದೆ.

ಈ ವಿಷಯದಲ್ಲಿ ತಾಳಮದ್ದಲೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಒಂದು ಅನುಕೂಲ ಇದೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಎದುರಾಳಿಯ ಮಾತು ಕೇಳಿ, ಅದರಲ್ಲೇ ಸಂದು ಹುಡುಕಿ ಉತ್ತರ ಕೊಡಬೇಕು. ಆಡಿಷನ್‌ಗೆ ಬೇಕಾದ ಕಿವಿ ಅದೇ. ದನಿ ಮಾತ್ರ ಇಳಿಸಿಕೊಳ್ಳಿ. ಚಿಕ್ಕ ಕೋಣೆಯಲ್ಲಿ ಮೂರು ಜನರ ಎದುರು ಅರ್ಥಗಾರಿಕೆಯ (ತಾಳಮದ್ದಲೆಯ ಮಾತುಗಾರಿಕೆಯ) ಏರುದನಿ ಸಹಿಸುವುದು ಕಷ್ಟ.

ಭಾಷೆಯ ಬಗ್ಗೆಯೂ ಯೋಚಿಸಿ. ಕಂಬಾರರ ನಾಟಕದ ಮಾತು ಬೆಳಗಾವಿ ಕಡೆಯ ಮಣ್ಣಿನದು. ಆ ಲಯ ಬಾಯಿಗೆ ಬಾರದೆ "ಹೌದ್ರೀ" ಸೇರಿಸಿದರೆ ಮಿಮಿಕ್ರಿ ಆಗುತ್ತದೆ. ನಿಮ್ಮ ಮನೆ ಮಾತಿಗೆ ಹತ್ತಿರ ಇರುವುದನ್ನು ಒಂದು ಇಟ್ಟುಕೊಳ್ಳಿ, ಎರಡನೆಯದು ಬೇಕಾದರೆ ಗ್ರಾಂಥಿಕ ಇರಲಿ. ಗ್ರಾಂಥಿಕ ಅಂದರೆ ಕುವೆಂಪು ಇದ್ದಾರಲ್ಲ. ಹ್ಯಾಮ್ಲೆಟ್ ಮಾಡಲೇಬೇಕು ಅನ್ನುವವರು 'ರಕ್ತಾಕ್ಷಿ' ತೆರೆದು ನೋಡಿ. ಹ್ಯಾಮ್ಲೆಟ್ ಅಲ್ಲಿ ಬಿದನೂರಿಗೆ, ಅಂದರೆ ನಮ್ಮ ಹೊಸನಗರ ತಾಲೂಕಿನ ನಗರಕ್ಕೆ ಬಂದಿದ್ದಾನೆ. 'ಬೆರಳ್‌ಗೆ ಕೊರಳ್' ಥರದ ಕುವೆಂಪು ಪದ್ಯನಾಟಕ ಆರಿಸಿದರೆ ಒಂದು ಎಚ್ಚರ. ಅದು ಸರಳ ರಗಳೆ. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಪ್ರಾಸ ಇಲ್ಲ. ವಾಕ್ಯ ಸಾಲಿನ ನಡುವೆಯೇ ಮುಗಿಯಬಹುದು, ಸಾಲು ದಾಟಿ ಮುಂದಕ್ಕೂ ಹರಿಯಬಹುದು. ಹೊಸಬರು ಪ್ರತಿ ಸಾಲಿನ ಕೊನೆಗೆ ನಿಲ್ಲುತ್ತಾರೆ, ಆಗ ಪಾತ್ರ ಹೋಗಿ ಪದ್ಯ ವಾಚನ ಉಳಿಯುತ್ತದೆ. ಪೂರ್ತಿ ಭಾಗವನ್ನು ಗದ್ಯದ ಹಾಗೆ ಒಂದೇ ಸಮನೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಉಸಿರಿನ ಗುರುತು ಹಾಕಿ.

ಉದ್ದದ ಮಾತೇ ಸಿಗಬೇಕು ಅಂತೇನೂ ಇಲ್ಲ. ಇಬ್ಬರ ದೃಶ್ಯ ತೆಗೆದುಕೊಂಡು ಒಬ್ಬರ ಮಾತು ಕಳೆದರೂ ಆಗುತ್ತದೆ. ತರಗತಿಗೆಂದು ನಾನೇ ಬರೆದುಕೊಂಡ ತುಣುಕೊಂದು ಇಲ್ಲಿದೆ (ಕೊನೆ ಅಂದರೆ ಅಡಿಕೆ ಗೊನೆ, ಕೊನೆಗೌಡ ಅಂದರೆ ಮರ ಹತ್ತಿ ಅದನ್ನು ಕೊಯ್ಯುವವನು):

"ಅಪ್ಪಯ್ಯ, ಈ ಸಲ ಕೊನೆ ಕೊಯ್ಲಿಗೆ ನಾನಿರಲ್ಲ. ಇಲ್ಲ, ಕೊನೆಗೌಡಂಗೆ ಹೇಳಿದೀನಿ, ಅವ ಬರ್ತಾನೆ. ದುಡ್ಡಿನ ಮಾತಲ್ಲ ಅಪ್ಪಯ್ಯ. ಒಂದ್ಸಲ ನನ್ ಕಡೆ ನೋಡು. ಆ ಅಡಕತ್ತರಿ ಕೆಳಗಿಡು."

ಮೊದಲ ಸಾಲನ್ನು ಈ ಹುಡುಗ ರಾತ್ರಿಯೆಲ್ಲ ಮನಸ್ಸಿನಲ್ಲಿ ಹೇಳಿಕೊಂಡಿದ್ದಾನೆ. ಹಾಗಾಗಿ ಅದು ಸ್ವಲ್ಪ ಬೇಗ ಹೊರಬೀಳುತ್ತದೆ. "ಇಲ್ಲ" ಅನ್ನುವ ಮುಂಚೆ ಅಪ್ಪ ಏನೋ ಕೇಳಿದ್ದಾರೆ. ನಮಗೆ ಕೇಳಿಸಿಲ್ಲ, ನಟನಿಗೆ ಕೇಳಿಸಬೇಕು. ಗದರಿ ಕೇಳಿದರೋ, ತಲೆ ಎತ್ತದೆ ಕೇಳಿದರೋ? ಅದರ ಮೇಲೆ ಆ "ಇಲ್ಲ" ಬದಲಾಗುತ್ತದೆ. "ದುಡ್ಡಿನ ಮಾತಲ್ಲ" ಅನ್ನುವುದರ ಹಿಂದೆ ಇನ್ನೊಂದು ಪ್ರಶ್ನೆ, ಇದು ಚುಚ್ಚಿದ್ದು. ಕೊನೆಯ ಸಾಲು ಅಪ್ಪನಿಗೆ ಅವನು ಕೊಡುವ ಮೊದಲ ಆಜ್ಞೆ. ಎಲ್ಲರೂ ಅಲ್ಲಿ ಕಿರುಚುತ್ತಾರೆ. ಮೆಲ್ಲಗೆ ಹೇಳಿ ನೋಡಿ, ಹೇಳಿದವನಿಗೇ ಹೆದರಿಕೆ ಆಗುತ್ತದೆ. ಐದು ಸಾಲಿನಲ್ಲಿ ಇಷ್ಟು ಏರಿಳಿತ ಇದ್ದರೆ ಸಾಕು ಅಲ್ವಾ?

ಅಪ್ಪಯ್ಯ ಎಲ್ಲಿ ಕೂತಿದ್ದಾರೆ ಅನ್ನುವುದೂ ಮುಖ್ಯ. ನೆಲ ನೋಡಿಕೊಂಡು ಮಾತಾಡಿದರೆ ನಿಮ್ಮ ಕಣ್ಣು ಯಾರಿಗೂ ಕಾಣುವುದಿಲ್ಲ. ಆಯ್ಕೆಗಾರರನ್ನೇ ದಿಟ್ಟಿಸಿದರೆ ಅವರಿಗೆ ಮುಜುಗರ. ಅವರ ಪಕ್ಕದಲ್ಲಿ, ಅವರ ಕಣ್ಣಿನ ಎತ್ತರಕ್ಕೇ ಗೋಡೆಯ ಮೇಲೆ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಅಡಕತ್ತರಿ, ಕೊಡೆ, ಲಾಟೀನು ಒಯ್ಯಬೇಡಿ. ಒಂದು ಕುರ್ಚಿ ಸಿಕ್ಕರೆ ಜಾಸ್ತಿಯೇ ಆಯಿತು.

ಆರಿಸಿದ ಮೇಲೆ ಇಡೀ ನಾಟಕ ಓದಿ. ಇದನ್ನು ತಪ್ಪಿಸಿಕೊಳ್ಳಲು ಎಲ್ಲರೂ ನೋಡುತ್ತಾರೆ. "ಇದಕ್ಕೆ ಮುಂಚೆ ಏನಾಯಿತು?" ಅಂತ ಕೇಳಿದಾಗ ಸುಮ್ನೆ ನಿಂತವರನ್ನು ಎಷ್ಟೋ ನೋಡಿದ್ದೇನೆ. ಪುಸ್ತಕಕ್ಕೆ ದೂರ ಹೋಗಬೇಕಿಲ್ಲ, ಹೆಗ್ಗೋಡಿನ ಅಕ್ಷರ ಪ್ರಕಾಶನದಲ್ಲೇ ಎಷ್ಟೋ ನಾಟಕಗಳು ಸಿಗುತ್ತವೆ. ಅಲ್ಲಿನ ರಂಗಸಂಸ್ಥೆ ನೀನಾಸಂ 1985ರಿಂದ ತಿರುಗಾಟ, ಅಂದರೆ ಊರೂರಿಗೆ ನಾಟಕ ಒಯ್ಯುವ ಪ್ರವಾಸ, ಹೊರಡುತ್ತಿದೆ. ನಿಮ್ಮೂರ ಹತ್ತಿರ ಬಂದರೆ ಹೋಗಿ ನೋಡಿ. ನಟರು ಮಾತಾಡದೆ ಇರುವಾಗ ಹೇಗೆ ಕೇಳಿಸಿಕೊಳ್ಳುತ್ತಾರೆ ಅನ್ನುವುದನ್ನು ಗಮನಿಸಿ.

ಬಾಯಿಪಾಠ ಮಾಡುವಾಗ ಭಾವ ಸೇರಿಸಬೇಡಿ. ಪಾತ್ರೆ ತೊಳೆಯುತ್ತಾ, ದನ ಅಟ್ಟುತ್ತಾ ಬರೀ ಮಾತು ಹೇಳಿಕೊಳ್ಳಿ. ಕನ್ನಡಿ ಮುಂದೆ ಒಂದೇ ರಾಗದಲ್ಲಿ ಕಲಿತವರಿಗೆ "ಇದನ್ನೇ ನಗುತ್ತಾ ಹೇಳಿ" ಅಂದರೆ ಕೈಕಾಲು ಆಡುವುದಿಲ್ಲ. ಹಾಗೆ ಹೇಳಿಸುವುದು ಶಿಕ್ಷೆಗಲ್ಲ. ನಿಮ್ಮಲ್ಲಿ ಏನೋ ಕಂಡಿದೆ, ತಿದ್ದಿದರೆ ಬದಲಾಗುತ್ತೀರಾ ಅಂತ ನೋಡುತ್ತಿದ್ದಾರೆ. ನಿಮಿಷ ಮೀರದಂತೆಯೂ ನೋಡಿಕೊಳ್ಳಿ. ಎರಡು ನಿಮಿಷ ಕೊಟ್ಟಿದ್ದರೆ ಒಂದೂಮುಕ್ಕಾಲಕ್ಕೆ ಮುಗಿಯಲಿ.

ಈಗ ಎಷ್ಟೋ ಕಡೆ ಮೊದಲ ಸುತ್ತು ವಿಡಿಯೋದಲ್ಲೇ ನಡೆಯುತ್ತದೆ. ಬೇರೆ ರೀತಿ ಕೇಳದಿದ್ದರೆ ಮೊಬೈಲ್ ಅಡ್ಡ ಹಿಡಿಯಿರಿ, ಎತ್ತರ ಕಣ್ಣಿನ ಮಟ್ಟಕ್ಕಿರಲಿ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನಿಗೆ ಬೇಡ. ಜುಲೈಯಲ್ಲಾದರೆ ಹಂಚಿನ ಮೇಲಿನ ಮಳೆ ನಿಮ್ಮ ದನಿಯನ್ನು ನುಂಗಿಹಾಕುತ್ತದೆ. ಮಳೆ ಬಿಟ್ಟು ಹೊಳವಾದಾಗ ರೆಕಾರ್ಡ್ ಮಾಡಿ, ತಗಡಿನ ಕೊಟ್ಟಿಗೆಯ ಪಕ್ಕ ಅಂತೂ ಬೇಡವೇ ಬೇಡ. ಫೈಲಿಗೆ ನಿಮ್ಮ ಹೆಸರು, ಊರು ಹಾಕಿ ಕಳಿಸಿ. "ವಿಡಿಯೋ 1" ಅಂತ ಬಂದದ್ದು ಯಾರದ್ದು ಅಂತ ಹುಡುಕುತ್ತಾ ಕೂರಲು ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.