ಮಗನ ಜೊತೆಗಿದ್ರೆ ಪಿಂಚಣಿ ನಿಲ್ಲುತ್ತಾ?

ಉಚಿತ ಕಾನೂನು ಸಲಹೆ ಅಂತ ನಮ್ಮ ಹತ್ರ ಬರೋರಲ್ಲಿ ವಯಸ್ಸಾದವರೇ ಜಾಸ್ತಿ. ಕೂತ ತಕ್ಷಣ ಕೇಳೋದು, "ಸಾರ್, ಮಗನ ಮನೇಲಿದೀನಿ, ನನ್ ಸಂಬಳ ನಿಲ್ಲಿಸ್ಬಿಡ್ತಾರಂತೆ ಹೌದಾ?" ಯಾರು ಹೇಳಿದ್ದು ಅಂದ್ರೆ ಪಕ್ಕದ ಮನೆಯವ್ರು. ಈ ಪಕ್ಕದ ಮನೆಯವ್ರನ್ನ ಒಂದಿನ ಕರೆಸಿ ಕೂರಿಸಿ ಬೈಬೇಕು ಅನ್ಸುತ್ತೆ.

ಒಂದೇ ಸೂರಿನಡಿ ಇದ್ರೆ ಎಲ್ಲಾ ಯೋಜನೆಗೂ ಒಂದೇ ಕುಟುಂಬ ಅಂತ ತಿಳ್ಕೊಂಡಿರೋದೇ ತಪ್ಪು. ರಾಜ್ಯ ಸರ್ಕಾರದ ವೃದ್ಧಾಪ್ಯ ಪಿಂಚಣಿ ಸಂಧ್ಯಾ ಸುರಕ್ಷಾ ತಗೊಳ್ಳಿ, 65 ದಾಟಿದವರಿಗೆ ತಿಂಗಳಿಗೆ 1200 ರೂಪಾಯಿ, ಅದಕ್ಕೆ ನೋಡೋದು ಅರ್ಜಿ ಹಾಕಿದವರದ್ದು ಮತ್ತು ಅವರ ಗಂಡ ಅಥವಾ ಹೆಂಡತಿಯ ಆದಾಯ, ದುಡಿಯೋ ಮಕ್ಕಳದ್ದು ಸೇರಲ್ಲ. ಗೃಹಲಕ್ಷ್ಮಿ 2000ಕ್ಕೆ ಯಜಮಾನಿ ಇಲ್ಲಾ ಆಕೆ ಗಂಡ ಇನ್‌ಕಮ್ ಟ್ಯಾಕ್ಸ್ ಕಟ್ತಾರಾ, ಜಿಎಸ್‌ಟಿ ರಿಟರ್ನ್ಸ್ ಹಾಕ್ತಾರಾ ಅಂತ ನೋಡ್ತಾರೆ, ಮಗಂದಲ್ಲ. ರೇಷನ್ ಕಾರ್ಡ್ ಲೆಕ್ಕ ಮಾತ್ರ ಬೇರೆ, ಅದರಲ್ಲಿ ಹೆಸರಿರೋ ಎಲ್ರ ಆದಾಯಾನೂ ಸೇರುತ್ತೆ, ವರ್ಷಕ್ಕೆ 1.20 ಲಕ್ಷ ಮಿತಿ, ಒಬ್ಬ ಟ್ಯಾಕ್ಸ್ ಕಟ್ಟೋನಿದ್ರೂ ಇಡೀ ಕಾರ್ಡು ಬಿಪಿಎಲ್‌ನಿಂದ ಆಚೆ. ಅಂದ್ರೆ ಮಗನ ದುಡಿಮೆ ಒಂದು ಕಡೆ ಲೆಕ್ಕಕ್ಕೆ ಬರುತ್ತೆ, ಇನ್ನೆರಡು ಕಡೆ ಬರಲ್ಲ, ಮನೆ ಅದೇ, ಮಗ ಅವನೇ. ಇದನ್ನ ಎಷ್ಟು ಸಲ ಹೇಳಿದ್ರೂ ತಲೆ ಆಡಿಸಿ ಹೋಗಿ ಮತ್ತೆ ಅದನ್ನೇ ಕೇಳ್ಕೊಂಡು ಬರ್ತಾರೆ.

ಒಬ್ರು ಅಜ್ಜಿ ಬಂದಿದ್ರು, ಕಾರ್ಡು, ಆಧಾರ್, ಪಾಸ್‌ಬುಕ್ ಎಲ್ಲಾ ಬಟ್ಟೆ ಅಂಗಡಿ ಕವರಲ್ಲಿ ಸುತ್ತಿ ಸೆರಗಲ್ಲಿ ಇಟ್ಕೊಂಡು. ಬಿಪಿಎಲ್ ಕಾರ್ಡಲ್ಲಿ ಯಜಮಾನಿ ಅವ್ರೇ. ಪಿಂಚಣಿ ಹೋಗುತ್ತೆ ಅಂತ ಯಾರೋ ಹೆದರಿಸಿದ್ದಕ್ಕೆ ಮಗ ಓಡಿಹೋಗಿ ಕಾರ್ಡಿಂದ ಅಮ್ಮನ ಹೆಸರೇ ತೆಗೆಸಿದಾನೆ. ಪಿಂಚಣಿ ಹೇಗೂ ಬರ್ತಾನೇ ಇತ್ತು, ಅದಕ್ಕೇನೂ ಆಗ್ತಿರ್ಲಿಲ್ಲ. ಈಗ ಗೃಹಲಕ್ಷ್ಮಿ ನಿಂತೋಯ್ತು, ಅಕ್ಕಿ ನಿಂತೋಯ್ತು, ಬೇರೆ ಕಾರ್ಡ್ ಮಾಡಿಸೋಣ ಅಂದ್ರೆ ಹೊಸ ಬಿಪಿಎಲ್ ಅರ್ಜಿ ತಗೊಳ್ಳೋದು ಆಗೊಮ್ಮೆ ಈಗೊಮ್ಮೆ ಮಾತ್ರ. "ಒಳ್ಳೇದಕ್ಕೇ ಮಾಡ್ದ ಸಾರ್, ಬೈಬೇಡಿ" ಅಂತ ಮಗನ ಪರ ವಕಾಲತ್ತು ಬೇರೆ! ಅತ್ತೆ ಸೊಸೆಗೆ ಜಗಳಾನಾ ಅಂದ್ರೆ ಅದೂ ಇಲ್ಲ, ಒಂದೇ ಒಲೆ, ಒಂದೇ ಊಟ.

ಗಂಡ ತೀರಿಕೊಂಡು ಅಣ್ಣನ ಮನೆಗೆ ಬಂದವರದ್ದು ಇದಕ್ಕೆ ಉಲ್ಟಾ. ಪ್ರೀತಿಗೆ ಅಣ್ಣ ತನ್ನ ಎಪಿಎಲ್ ಕಾರ್ಡಿಗೆ ತಂಗಿ ಹೆಸರು ಸೇರಿಸ್ತಾನೆ, ಅಲ್ಲಿಗೆ ಅವಳ ಬಿಪಿಎಲ್ ಅಕ್ಕಿ ಹೋಯ್ತು.

ಒಂದು ಎಚ್ಚರಿಕೆ ಮಾತ್ರ. ಎಲ್ಲಾ ವೃದ್ಧಾಪ್ಯ ವೇತನಾನೂ ಸಂಧ್ಯಾ ಸುರಕ್ಷಾ ಅಲ್ಲ. ಕೇಂದ್ರದ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ ಇರೋದು ಬಿಪಿಎಲ್ ಮನೆಯವರಿಗೆ, ಅಲ್ಲಿ ಟ್ಯಾಕ್ಸ್ ಕಟ್ಟೋ ಮಗ ನಿಮ್ಮ ಕಾರ್ಡಲ್ಲಿದ್ರೆ ನಿಮ್ಮ ಭಯಕ್ಕೂ ಸ್ವಲ್ಪ ಅರ್ಥ ಇದೆ. ತಮಗೆ ಬರ್ತಿರೋದು ಯಾವುದು ಅಂತ ಅರ್ಧಕ್ಕರ್ಧ ಜನಕ್ಕೆ ಗೊತ್ತೇ ಇರಲ್ಲ, ಮಂಜೂರಾತಿ ಆದೇಶದಲ್ಲಿ ಯೋಜನೆ ಹೆಸರು ಬರೆದಿರುತ್ತೆ, ಅದು ಕಳೆದೋಗಿದ್ರೆ ನಾಡಕಚೇರಿಲಿ ಕೇಳಿ. ಆದಾಯ ಮಿತಿ ಆಗಾಗ ಬದಲಾಗುತ್ತೆ, ಅದನ್ನೂ ಅಲ್ಲೇ ವಿಚಾರಿಸಿ. ಅಲ್ಲೀವರೆಗೂ ಕಾರ್ಡಿಂದ ಯಾರ ಹೆಸರೂ ತೆಗೆಸೋಕೆ ಹೋಗ್ಬೇಡಿ, ಪಕ್ಕದ ಮನೆಯವ್ರು ಏನೇ ಹೇಳ್ಲಿ.