30 ಡಿಗ್ರಿಯ ರೇಖೆ 45 ಆಗಿ ಕಂಡಾಗ

ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಡ್ರಾಯಿಂಗ್ ತರಗತಿಯಲ್ಲಿ ನಾನು ತಪ್ಪದೆ ಕೊಡುವ ಒಂದು ಸಮಸ್ಯೆಯಿದೆ. 80 ಮಿ.ಮೀ. ಉದ್ದದ ಸರಳರೇಖೆಯೊಂದು ನೆಲದ ತಲಕ್ಕೆ 30 ಡಿಗ್ರಿ, ಎದುರಿನ ಗೋಡೆಯ ತಲಕ್ಕೆ 45 ಡಿಗ್ರಿ ಓರೆಯಾಗಿದೆ. ಅದರ ಫ್ರಂಟ್ ವ್ಯೂ (ಎದುರಿನಿಂದ ಕಾಣುವ ನೋಟ) ಮತ್ತು ಟಾಪ್ ವ್ಯೂ (ಮೇಲಿನಿಂದ ಕಾಣುವ ನೋಟ) ಬರೆಯಬೇಕು. ಬಹುತೇಕರು ಬೇಕಾದ ಕೋನದಲ್ಲಿ ಗೆರೆ ಎಳೆಯುವ ಸಾಧನವಾದ ಮಿನಿ ಡ್ರಾಫ್ಟರನ್ನು 30ಕ್ಕೆ ತಿರುಗಿಸಿ, ಫ್ರಂಟ್ ವ್ಯೂನಲ್ಲಿ 80 ಮಿ.ಮೀ. ಗೆರೆ ಎಳೆದು, 'ಆಯ್ತು ಸರ್' ಎನ್ನುತ್ತಾರೆ.

ಆದರೆ ರೇಖೆ ಎರಡೂ ತಲಗಳಿಗೆ ಓರೆಯಾಗಿರುವುದರಿಂದ ಅದರ ನಿಜವಾದ ಉದ್ದವಾಗಲಿ ನಿಜವಾದ ಕೋನವಾಗಲಿ ಯಾವ ನೋಟದಲ್ಲೂ ಕಾಣುವುದಿಲ್ಲ. ಮೊದಲು ರೇಖೆ ಗೋಡೆಗೆ ಸಮಾಂತರವಾಗಿದೆ ಎಂದು ಭಾವಿಸಿ 30 ಡಿಗ್ರಿಯಲ್ಲಿ ಬರೆದರೆ ಅದರ ತುದಿ 40 ಮಿ.ಮೀ. ಎತ್ತರಕ್ಕೇರುತ್ತದೆ, ಟಾಪ್ ವ್ಯೂ ಉದ್ದ 69.3 ಮಿ.ಮೀ. ಸಿಗುತ್ತದೆ. ನಂತರ ನೆಲಕ್ಕೆ ಸಮಾಂತರವೆಂದು ಭಾವಿಸಿ 45 ಡಿಗ್ರಿಯಲ್ಲಿ ಬರೆದರೆ ಫ್ರಂಟ್ ವ್ಯೂ ಉದ್ದ 56.6 ಮಿ.ಮೀ. ಎಂದು ತಿಳಿಯುತ್ತದೆ. ಈಗ 40 ಮಿ.ಮೀ. ಎತ್ತರದಲ್ಲಿ, ನೆಲ ಮತ್ತು ಗೋಡೆ ಕೂಡುವ ಅಂಚನ್ನು ಸೂಚಿಸುವ ಎಕ್ಸ್‌ವೈ ರೇಖೆಗೆ ಸಮಾಂತರವಾಗಿ ತೆಳುವಾದ ಗೆರೆಯೊಂದನ್ನು ಎಳೆದು, ಕೈವಾರದಲ್ಲಿ 56.6 ಅಳತೆ ಹಿಡಿದು ರೇಖೆಯ ಆರಂಭದ ತುದಿಯಿಂದ ಅದನ್ನು ಕತ್ತರಿಸಿದರೆ ಫ್ರಂಟ್ ವ್ಯೂ ಬರುತ್ತದೆ. ಕೋನಮಾಪಕವಿಟ್ಟು ನೋಡಿದರೆ ಅದರ ಓರೆ 30 ಅಲ್ಲ, ಸರಿಯಾಗಿ 45 ಡಿಗ್ರಿ! ಟಾಪ್ ವ್ಯೂನಲ್ಲಿ ಹೆಚ್ಚುಕಡಿಮೆ 55.

ಕಂಪ್ಯೂಟರಿನಲ್ಲಿ ಘನವಸ್ತುವನ್ನು ತಿರುಗಿಸಿದರೆ ನೋಟಗಳು ತಾವಾಗಿಯೇ ಬೀಳುತ್ತವೆ. ಕಚೇರಿಯಲ್ಲಿ ಇಂದು ಪೆನ್ಸಿಲ್ ಹಿಡಿದು ನಕ್ಷೆ ಬರೆಯುವವರು ಯಾರೂ ಇಲ್ಲ, ಅದಕ್ಕಾಗಿ ನನಗೆ ದುಃಖವೂ ಇಲ್ಲ. ಆದರೆ ಕೈಯಲ್ಲಿ ಬರೆದ ಹಾಳೆಯ ಮೇಲೆ ಆ ತೆಳು ಗೆರೆಗಳು ಉಳಿದುಕೊಳ್ಳುವುದರಿಂದ, ವಿದ್ಯಾರ್ಥಿಯ ಯೋಚನೆ ಯಾವ ಹೆಜ್ಜೆಯಲ್ಲಿ ಜಾರಿತು ಎಂಬುದನ್ನು ಮೇಷ್ಟ್ರು ಬೆರಳಿಟ್ಟು ತೋರಿಸಬಹುದು. ಪರದೆಯ ಮೇಲೆ ಸಿಗುವುದು ಉತ್ತರ ಮಾತ್ರ.

ನಾನು ಪಾಲಿಟೆಕ್ನಿಕ್‌ನಲ್ಲಿ ಓದುವಾಗ ಈ ತೆಳು ಗೆರೆಗಳಿಗೆ 2ಎಚ್ ಪೆನ್ಸಿಲ್, ಅಂಚಿನ ಗೆರೆಗಳಿಗೆ ಎಚ್, ಅಕ್ಷರಗಳಿಗೆ ಎಚ್‌ಬಿ ಬಳಸುತ್ತಿದ್ದೆವು. ಉಪ್ಪುಕಾಗದದ ಮೇಲೆ ಮೊನೆ ಉಜ್ಜಿಕೊಂಡು, ಗೆರೆ ಎಳೆಯುವಾಗ ಪೆನ್ಸಿಲನ್ನು ಬೆರಳುಗಳ ನಡುವೆ ನಿಧಾನವಾಗಿ ಉರುಳಿಸುತ್ತಾ ಸಾಗಿದರೆ ಗೆರೆಯ ದಪ್ಪ ಕೊನೆಯವರೆಗೂ ಒಂದೇ ಆಗಿರುತ್ತಿತ್ತು. ನನ್ನ ಮೊದಲ ಹಾಳೆಯಲ್ಲಿ ಕೆಳಗಿನ ಭಾಗವನ್ನು ಮೊದಲು ಮುಗಿಸಿ ಮೇಲಕ್ಕೆ ಹೋದೆ. ಅಂಗಿಯ ತೋಳು ಅದನ್ನೆಲ್ಲ ಒರೆಸಿ ಬೂದು ಬಣ್ಣ ಬಳಿದಿತ್ತು. ಮೇಲಿನಿಂದ ಕೆಳಕ್ಕೆ ಬರೆಯಬೇಕೆಂದು ಮತ್ತೆ ಯಾರೂ ಹೇಳಬೇಕಾಗಲಿಲ್ಲ.

ಇದಕ್ಕಿಂತ ದುಬಾರಿಯಾದ ತಪ್ಪೊಂದನ್ನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದೆ. ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಕ್ರಮಗಳಲ್ಲಿ ನಮ್ಮಲ್ಲಿ ಕಲಿಸುವುದು ಫಸ್ಟ್ ಆಂಗಲ್ ಪ್ರೊಜೆಕ್ಷನ್. ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಕೈಪಿಡಿ ಹೇಳುವುದೂ ಅದನ್ನೇ. ಇದರಲ್ಲಿ ಫ್ರಂಟ್ ವ್ಯೂನ ಬಲಕ್ಕೆ ಬರೆದದ್ದು ವಸ್ತುವಿನ ಎಡಬದಿಯ ನೋಟ. ಅಮೆರಿಕದ ನಕ್ಷೆಗಳಲ್ಲಿ ಬಳಕೆಯಲ್ಲಿರುವ ಥರ್ಡ್ ಆಂಗಲ್‌ನಲ್ಲಿ ಬಲಕ್ಕಿರುವುದು ಬಲಬದಿಯ ನೋಟವೇ. ಅಲ್ಲಿಂದ ಬಂದ ನಕ್ಷೆಯನ್ನು ನಾನು ಅಭ್ಯಾಸಬಲದಿಂದ ಫಸ್ಟ್ ಆಂಗಲ್ ಎಂದೇ ಓದಿದ್ದರಿಂದ, ಬ್ರಾಕೆಟ್ಟಿನ ಬಲಬದಿಯಲ್ಲಿ ಕೊರೆಯಬೇಕಿದ್ದ ತೋಡು (ಸ್ಲಾಟ್) ಎಡಬದಿಗೆ ಬಂತು. ಯಾವ ವಿಧಾನವೆಂದು ಸೂಚಿಸುವ ಮೊಟಕು ಶಂಕುವಿನ ಚಿಹ್ನೆ ನಕ್ಷೆಯ ವಿವರಗಳನ್ನು ಬರೆಯುವ ಟೈಟಲ್ ಬ್ಲಾಕಿನಲ್ಲೇ ಇತ್ತು, ನಾನು ನೋಡಿರಲಿಲ್ಲ.

ಆದ್ದರಿಂದ ಈಗ ಡ್ರಾಫ್ಟರ್ ಮುಟ್ಟುವ ಮೊದಲು ಒಂದು ನೋಟ್‌ಬುಕ್ ತೆರೆಯಲು ಹೇಳುತ್ತೇನೆ. ಒಂದು ಮಗ್ಗುಲು ಮೇಜಿನ ಮೇಲೆ, ನಿಮ್ಮ ಕಡೆಗೆ ಚಾಚಿರಲಿ, ಅದು ನೆಲ. ಇನ್ನೊಂದು ಅದರ ಹಿಂದೆ ನೆಟ್ಟಗೆ ನಿಂತಿರಲಿ, ಅದು ಗೋಡೆ. ನಡುವಿನ ಮಡಿಕೆಯೇ ಎಕ್ಸ್‌ವೈ ರೇಖೆ. ಪೆನ್ಸಿಲೊಂದನ್ನು ಅವುಗಳ ನಡುವೆ ಓರೆಯಾಗಿ ಹಿಡಿದು ಮೊದಲು ಎದುರಿನಿಂದ, ಆಮೇಲೆ ನೆತ್ತಿಯ ಮೇಲಿನಿಂದ ನೋಡಬೇಕು. ಬಳಿಕ ಗೋಡೆಯನ್ನು ಹಿಂದಕ್ಕೆ ಮಲಗಿಸಿದರೆ, ಟಾಪ್ ವ್ಯೂ ಏಕೆ ಕೆಳಗೆ ಬರುತ್ತದೆಂಬುದು ಬಾಯಿಪಾಠ ಮಾಡದೆಯೇ ತಿಳಿಯುತ್ತದೆ. ಇಷ್ಟನ್ನು ಮಾಡಿದ ಮೇಲೆ, ಡ್ರಾಫ್ಟರನ್ನು 30ಕ್ಕೆ ತಿರುಗಿಸಲು ಹೋದ ಕೈ ಸಾಮಾನ್ಯವಾಗಿ ಅರ್ಧದಲ್ಲೇ ನಿಲ್ಲುತ್ತದೆ.