ಹೃದಯಾಘಾತದಲ್ಲಿ ಸತ್ತ ಸ್ನಾಯುವಿಗೆ ಹೊಸ ತೇಪೆ ಹಾಕಬಹುದೇ?

ಪ್ರಶ್ನೆ: ಅಪ್ಪನಿಗೆ ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಎಕೋದಲ್ಲಿ ಪಂಪಿಂಗ್ ಶೇ 35 ಅಂತ ಬಂದಿದೆ. ಲ್ಯಾಬಿನಲ್ಲಿ ಬೆಳೆಸಿದ ಹೃದಯದ ತುಂಡನ್ನು ಈಗ ಹೊಲಿಯುತ್ತಾರಂತೆ, ನಿಜವೇ? ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿ ಎನ್ನುತ್ತಿದ್ದಾರೆ.

ಉತ್ತರ: ತೇಪೆಯ ಸುದ್ದಿ ನಿಜ. ಇಂಜೆಕ್ಷನ್ ವಿಷಯದಲ್ಲಿ ಮಾತ್ರ ಜೇಬು ಗಟ್ಟಿಯಾಗಿ ಹಿಡಿದುಕೊಳ್ಳಿ.

ಸ್ಟೆಂಟ್ ರಕ್ತನಾಳವನ್ನು ತೆರೆಯುತ್ತದೆ, ಸತ್ತ ಸ್ನಾಯುವನ್ನು ಬದುಕಿಸುವುದಿಲ್ಲ. ದೊಡ್ಡ ಆಘಾತದಲ್ಲಿ ನೂರು ಕೋಟಿಯವರೆಗೂ ಸ್ನಾಯುಕೋಶಗಳು ಸಾಯಬಹುದು. ಹೃದಯ ಹೊಸ ಕೋಶಗಳನ್ನು ಹುಟ್ಟಿಸುತ್ತದಾದರೂ 25ರ ವಯಸ್ಸಿನಲ್ಲೇ ಆ ವೇಗ ವರ್ಷಕ್ಕೆ ಶೇ 1ರಷ್ಟು. ಮುಪ್ಪಿನಲ್ಲಿ ಅದರ ಅರ್ಧಕ್ಕೂ ಕಡಿಮೆ. ಹಾಗಾಗಿ ಕೆಲವೇ ವಾರಗಳಲ್ಲಿ ಅಲ್ಲಿ ಗಟ್ಟಿ ಕಲೆ ಕೂರುತ್ತದೆ. ಕಲೆ ಗೋಡೆ ಒಡೆಯದಂತೆ ತಡೆಯುತ್ತದೆ, ಆದರೆ ಮಿಡಿಯುವುದಿಲ್ಲ.

ಮೊದಲು ಬಂದದ್ದು ಮೂಳೆಮಜ್ಜೆಯ ಕೋಶಗಳನ್ನು ಹೃದಯಕ್ಕೆ ಬಿಡುವ ಉಪಾಯ. ಬಿಟ್ಟ ಕೋಶಗಳಲ್ಲಿ ಬಹುಪಾಲು ಕೆಲವೇ ಗಂಟೆಗಳಲ್ಲಿ ರಕ್ತದ ಜೊತೆ ಕೊಚ್ಚಿಹೋಗುತ್ತವೆ ಇಲ್ಲವೇ ಸಾಯುತ್ತವೆ. ಉಳಿದವೂ ಹೃದಯಸ್ನಾಯುವಾಗಿ ಬದಲಾಗುವುದಿಲ್ಲ. ಯುರೋಪಿನ ಬಾಮಿ ಎಂಬ ಪ್ರಯೋಗದಲ್ಲಿ 375 ಮಂದಿಯನ್ನು ಸೇರಿಸಿಕೊಂಡರೂ ಸಾವು ಕಡಿಮೆಯಾಯಿತೆಂದು ತೋರಿಸಲಾಗಲಿಲ್ಲ. ಕ್ಲಿನಿಕ್‌ಗಳು ಮಾರುವುದು ಬಹುತೇಕ ಇದೇ ಬಗೆಯ ಸರಕು.

ತೇಪೆಯ ದಾರಿ ಬೇರೆ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ವೋಲ್ಫ್‌ರಾಮ್ ಜಿಮ್ಮರ್‌ಮನ್ ತಂಡ ದಾನಿಯ ಐಪಿಎಸ್ ಕೋಶಗಳಿಂದ (ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಸ್ಥಿತಿಗೆ ಮರಳಿಸಿದ ಸಾಮಾನ್ಯ ಕೋಶಗಳು) ಹೃದಯಸ್ನಾಯು ಕೋಶಗಳನ್ನೂ ಅವನ್ನು ಹಿಡಿದಿಡುವ ಕೋಶಗಳನ್ನೂ ಬೆಳೆಸಿ, ಕೊಲಾಜೆನ್ ಜೆಲ್‌ನಲ್ಲಿ ಬೆರೆಸಿ ಅಚ್ಚಿಗೆ ಸುರಿಯುತ್ತದೆ. ಜೆಲ್ ಬಿಗಿದುಕೊಂಡು ಪಾತ್ರೆಯಲ್ಲೇ ಮಿಡಿಯತೊಡಗುತ್ತದೆ. ಅಂಥ ಹಲವು ತುಂಡುಗಳನ್ನು ಸೇರಿಸಿ, ದುರ್ಬಲವಾದ ಗೋಡೆಯ ಹೊರಮೈಗೆ ಹೊಲಿಯುತ್ತಾರೆ. ಕೋತಿಗಳಲ್ಲಿ 4 ಕೋಟಿಯಿಂದ 20 ಕೋಟಿ ಕೋಶಗಳ ತೇಪೆ ಹಾಕಿದಾಗ ಗೋಡೆ ದಪ್ಪವಾಯಿತು. ಒಬ್ಬ ರೋಗಿಗೆ 40 ಕೋಟಿ ಕೋಶಗಳ ತೇಪೆ ಹಾಕಿದ್ದರು. ಮೂರು ತಿಂಗಳ ನಂತರ ದಾನಿಯ ಹೃದಯ ಸಿಕ್ಕಿ ಕಸಿ ನಡೆಯಿತು. ಹೊರತೆಗೆದ ಹಳೆಯ ಹೃದಯವನ್ನು ಪರೀಕ್ಷಿಸಿದರೆ ತೇಪೆ ಬದುಕಿತ್ತು, ಅದರೊಳಗೆ ರಕ್ತನಾಳಗಳೂ ಇಳಿದಿದ್ದವು. 2025ರ ಜನವರಿಯಲ್ಲಿ ಈ ಫಲಿತಾಂಶ 'ನೇಚರ್' ಪತ್ರಿಕೆಯಲ್ಲಿ ಬಂತು. ಗೋಡೆ ದಪ್ಪವಾಯಿತೆಂದ ಮಾತ್ರಕ್ಕೆ ರೋಗಿ ಹೆಚ್ಚು ಕಾಲ ಬದುಕುತ್ತಾರೆ ಎಂದಾಗುವುದಿಲ್ಲ. ಅದನ್ನು ದೊಡ್ಡ ಪ್ರಯೋಗಗಳೇ ಹೇಳಬೇಕು.

ಜಪಾನಿನ ಒಸಾಕಾದಲ್ಲಿ 2020ರಿಂದ ಹಾಕುತ್ತಿರುವ, ಐಪಿಎಸ್‌ನಿಂದಲೇ ಬೆಳೆಸಿದ ಹೃದಯಕೋಶಗಳ ತೆಳು ಹಾಳೆಗಳ ಲೆಕ್ಕಾಚಾರ ಇನ್ನೊಂದು ಬಗೆಯದು: ಅವು ತಾವೇ ಪಂಪ್ ಮಾಡುವುದಕ್ಕಿಂತ, ಹೊಸ ರಕ್ತನಾಳ ಚಿಗುರಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ.

ತೊಡಕುಗಳೇನು? ರಕ್ತನಾಳದಿಂದ ಸುಮಾರು 0.2 ಮಿ.ಮೀ. ದಾಟಿದರೆ ಆಮ್ಲಜನಕ ತಲುಪದು. ದಪ್ಪ ತೇಪೆಯ ಒಡಲು ರಕ್ತನಾಳ ಬೆಳೆಯುವ ಮೊದಲೇ ಸಾಯಬಹುದು. ದಾನಿಯ ಕೋಶವಾದ್ದರಿಂದ ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗಬೇಕು, ಅದರಿಂದ ಸೋಂಕಿನ ಭಯ. ಹೊಸ ಕೋಶಗಳು ತಮ್ಮದೇ ತಾಳ ಹಿಡಿದರೆ ಬಡಿತ ತಪ್ಪುತ್ತದೆ: ಸಿಯಾಟಲ್ ತಂಡ 2014ರಲ್ಲಿ ಕೋತಿಗಳ ಹೃದಯಕ್ಕೆ ಲ್ಯಾಬಿನಲ್ಲಿ ಬೆಳೆಸಿದ ನೂರು ಕೋಟಿ ಹೃದಯಸ್ನಾಯು ಕೋಶಗಳನ್ನು ಚುಚ್ಚಿದಾಗ ಹಾಗೇ ಆಗಿತ್ತು. ಗಟ್ಟಿಂಗೆನ್‌ನ ತೇಪೆಯಲ್ಲಿ ಅದು ಕಾಣಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಹೃದಯಕ್ಕೆ ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಆ ಕ್ಲಿನಿಕ್‌ನವರ ಬಳಿ ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆಯನ್ನೂ ನೈತಿಕ ಸಮಿತಿಯ ಅನುಮತಿ ಪತ್ರವನ್ನೂ ಕೇಳಿ. ಪ್ರಯೋಗ ಎನ್ನುತ್ತಲೇ ಲಕ್ಷಗಟ್ಟಲೆ ಬಿಲ್ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಅಪ್ಪನಿಗೆ ಇವತ್ತು ಕೆಲಸಕ್ಕೆ ಬರುವುದು ನಾಲ್ಕು ಗುಂಪಿನ ಮಾತ್ರೆಗಳು: ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಬಗೆಯದು, ಎಸ್‌ಜಿಎಲ್‌ಟಿ2 ಬಗೆಯದು, ಮತ್ತು ಎಸಿಇ ಇನ್‌ಹಿಬಿಟರ್ ಅಥವಾ ಸ್ಯಾಕುಬಿಟ್ರಿಲ್–ವಾಲ್ಸಾರ್ಟನ್. ಕಿಡ್ನಿ, ಪೊಟ್ಯಾಸಿಯಂ ಮತ್ತು ಬಿಪಿ ನೋಡಿಕೊಂಡು ಡೋಸ್ ಏರಿಸುತ್ತಾರೆ. ಸರಿಯಾದ ಡೋಸ್‌ನಲ್ಲಿ ಮೂರು ತಿಂಗಳು ಕಳೆದ ಮೇಲೂ ಪಂಪಿಂಗ್ ಶೇ 35 ದಾಟದಿದ್ದರೆ, ಹಠಾತ್ ಸಾವು ತಡೆಯುವ ಐಸಿಡಿ ಯಂತ್ರ ಬೇಕೇ ಎಂದು ಹೃದ್ರೋಗ ತಜ್ಞರನ್ನು ಕೇಳಿ.